ಬಿಜಾಪುರದ ನೀರಿನ ಲೆಕ್ಕ

ಬಿಜಾಪುರ ಎಂದಾಕ್ಷಣ ನಮಗೆ ಗೋಲಗುಮ್ಮಟ ನೆನಪಾಗುತ್ತದೆ. ಅಲ್ಲಿ ಕೂಗಿ, ಪ್ರತಿಧ್ವನಿ ಕೇಳಿಸಿಕೊಂಡು ಕೆಳಗಿಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ಊರೊಳಗೆ ಅಲ್ಲಲ್ಲಿ ನಿಂತಿರುವ ಕಲ್ಲಿನ ಮೋಟು ಗೋಪುರಗಳತ್ತ ಕಣ್ಣು ಹಾಯಿಸುವುದಿಲ್ಲ. ಅಂಥದೊಂದರ ಪಕ್ಕದಲ್ಲಿ ಚಹಾ ಮಾರುತ್ತಿದ್ದ ಹಿರಿಯರನ್ನು "ಇದೇನು ಚಾಚಾ?" ಎಂದು ಒಮ್ಮೆ ಕೇಳಿದ್ದೆ. "ಪಹರೆಯ ಬುರುಜು ಬೇಟಾ, ದೂರದಿಂದ ದುಶ್ಮನ್ ಬಂದರೆ ಕಾಣಲಿ ಅಂತ ಕಟ್ಟಿದ್ದು" ಎಂದರು.

ಅದು ಪಹರೆಯ ಬುರುಜಲ್ಲ, ನೀರಿನ ಗೋಪುರ. ಅದರ ಹೆಸರು ಗಂಜ್. ಉರ್ದುವಿನಲ್ಲಿ ಗಂಜ್ ಎಂದರೆ ಭಂಡಾರ. ಮಳೆ ಕೈಕೊಡುವ ಈ ಸೀಮೆಯಲ್ಲಿ ನೀರಿಗೆ ಭಂಡಾರದ ಹೆಸರಿಟ್ಟವರಿಗೆ ಅದರ ಬೆಲೆ ಗೊತ್ತಿತ್ತು.

ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ (1558-1580) ಊರಿನ ಸುತ್ತ ಕೋಟೆ ಎದ್ದಿತು. ಗೋಡೆಯೊಳಗೆ ಜನ ತುಂಬಿದಂತೆ ನೀರಿನ ಚಿಂತೆಯೂ ಬೆಳೆಯಿತು. 1579ರಲ್ಲಿ ಚಾಂದ್ ಬಾವಡಿ, 1620ರಲ್ಲಿ ಎರಡನೇ ಇಬ್ರಾಹೀಮನ ಕಾಲದ ತಾಜ್ ಬಾವಡಿ ಆದವು. ತಾಜ್ ಬಾವಡಿಯದು ಸುಮಾರು 223 ಅಡಿ ಚೌಕದ ಕೊಳ. ಅದರ ಎರಡೂ ಬದಿಗೆ ಪ್ರಯಾಣಿಕರು ತಂಗಲು ಕೋಣೆಗಳು. ಬಾವಿಗಳಷ್ಟೇ ಸಾಲದೆ ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಜೋಡಿಸಿ, ಗಾರೆಯಲ್ಲಿ ಹುದುಗಿಸಿ, ನೆಲದಾಳದಲ್ಲಿ ಊರಿನವರೆಗೆ ಎಳೆದರು.

ಗಂಜ್‌ಗಳ ಕೆಲಸ ಇಲ್ಲೇ ಶುರುವಾಗುತ್ತದೆ. ಎತ್ತರದಿಂದ ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆದುಹೋಗುತ್ತದೆ. ದಾರಿಯಲ್ಲಿ ಒಂದೊಂದು ಗೋಪುರ ನಿಲ್ಲಿಸಿದರೆ ನೀರು ಅದರೊಳಗೆ ಮೇಲೇರಿ, ಒತ್ತಡ ಕಳೆದುಕೊಂಡು, ಮತ್ತೆ ಮುಂದಿನ ಕೊಳವೆಗೆ ಇಳಿಯುತ್ತದೆ. ಜೊತೆಗೆ ಬಂದ ಕೆಸರು ತಳದಲ್ಲಿ ನಿಲ್ಲುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದೇ ಬಂಡವಾಳ.

ಆದರೆ ತಳದಲ್ಲಿ ನಿಂತ ಕೆಸರು ತಾನಾಗಿ ಹೋಗುವುದಿಲ್ಲ. ಯಾರೋ ಇಳಿದು ಎತ್ತಬೇಕು, ಬಿರುಕು ಬಿಟ್ಟ ಕೊಳವೆಗೆ ಗಾರೆ ಮೆತ್ತಬೇಕು, ಅವರಿಗೆ ಕೂಲಿ ಸಲ್ಲಬೇಕು. ಕಟ್ಟಿಸಿದವನ ಹೆಸರನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಹೂಳೆತ್ತಿದವನ ಹೆಸರನ್ನು ಮಾಡಿಲ್ಲ. 1686ರಲ್ಲಿ ಔರಂಗಜೇಬನಿಗೆ ಬಿಜಾಪುರ ಶರಣಾದಾಗ ಹೋದದ್ದು ಸಿಂಹಾಸನ ಮಾತ್ರವಲ್ಲ, ಈ ಕೂಲಿ ಕೊಡುತ್ತಿದ್ದ ಖಜಾನೆಯೂ ಹೋಯಿತು. ಊರು ಬರಿದಾಯಿತು. ನೀರಿನ ದಾರಿಗಳು ಹೂತುಹೋದವು. ಮುಂದೆ ಪೇಶ್ವೆಗಳು, ಸಾತಾರಾದ ಅರಸರು, 1848ರಲ್ಲಿ ಕಂಪನಿ ಸರಕಾರ ಎಂದು ಯಜಮಾನರಷ್ಟೇ ಬದಲಾದರು.

1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಅರಮನೆಗಳು ಕಚೇರಿಗಳಾದವು. ಊರಿನ ಲೆಕ್ಕ ಈಗ ದರಬಾರಿನದ್ದಲ್ಲ, ಮುನಿಸಿಪಾಲಿಟಿಯದ್ದು. ಆ ಕಾಲದ ಮುಂಬಯಿ ಪ್ರಾಂತದ ಪುರಸಭೆಗಳಿಗೆ ದೊಡ್ಡ ಆಸರೆಯಾಗಿದ್ದುದು ಜಕಾತಿ. ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ವಸೂಲಿ ಮಾಡುತ್ತಿದ್ದ ಸುಂಕ. (ಝಕಾತ್ ಎಂಬ ಪದವೇ ಸವೆದು ಜಕಾತಿಯಾಗಿದೆ. ಬಡವರ ಹಕ್ಕಿನ ಪಾಲಿನ ಹೆಸರು ಎತ್ತಿನ ಗಾಡಿ ತಡೆಯುವ ಕಟ್ಟೆಗೆ ಬಂದು ನಿಂತಿದ್ದು ಹೇಗೆಂದು ಹುಡುಗನಾಗಿದ್ದಾಗ ನನಗೆ ಬಗೆಹರಿಯುತ್ತಿರಲಿಲ್ಲ.) ಜಕಾತಿಯಲ್ಲಿ ಕಿರಿಕಿರಿಯಿತ್ತು, ಲಂಚವೂ ಇತ್ತು. ಆದರೂ ಅದು ಊರಿನದೇ ದುಡ್ಡು. 1979ರಲ್ಲಿ ಕರ್ನಾಟಕ ಅದನ್ನು ರದ್ದು ಮಾಡಿದಾಗ ವ್ಯಾಪಾರಿಗಳು ನಿಟ್ಟುಸಿರು ಬಿಟ್ಟರು, ಊರುಗಳು ಬೆಂಗಳೂರಿನ ಅನುದಾನದ ದಾರಿ ಕಾಯತೊಡಗಿದವು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಕುಡಿಯುವ ನೀರನ್ನೂ ಸೇರಿಸಿ 18 ವಿಷಯಗಳನ್ನು ನಗರಾಡಳಿತಕ್ಕೆ ತೋರಿಸಿತು. ಕೆಲಸದ ಪಟ್ಟಿ ಬಂತು, ಅದಕ್ಕೆ ತಕ್ಕ ಆದಾಯ ಬರಲಿಲ್ಲ. ತನ್ನದೆಂದು ಹೇಳಿಕೊಳ್ಳಲು ಊರಿಗೆ ಮುಖ್ಯವಾಗಿ ಉಳಿದದ್ದು ಆಸ್ತಿ ತೆರಿಗೆ ಮತ್ತು ನೀರಿನ ಕರ. ಚುನಾವಣೆ ಎದುರಿಸುವ ಯಾವ ಸದಸ್ಯನಿಗೂ ಅವೆರಡನ್ನು ಏರಿಸುವ ಮಾತು ಎತ್ತಲು ಇಷ್ಟವಿಲ್ಲ. ಇನ್ನು ದೊಡ್ಡ ಯೋಜನೆಗಳನ್ನು ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟುವುದು, ಕಟ್ಟಿದ್ದನ್ನು ಸ್ಥಳೀಯ ಸಂಸ್ಥೆ ನಡೆಸುವುದು ನಮ್ಮಲ್ಲಿ ರೂಢಿ. ಉದ್ಘಾಟನೆಯ ಫಲಕ ಒಬ್ಬರಿಗೆ, ರಿಪೇರಿ ಇನ್ನೊಬ್ಬರಿಗೆ.

2013ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು, 2014ರಲ್ಲಿ ಬಿಜಾಪುರ ವಿಜಯಪುರವಾಯಿತು. 2011ರ ಜನಗಣತಿಯಲ್ಲೇ ಇಲ್ಲಿನ ಜನ ಮೂರು ಲಕ್ಷ ದಾಟಿದ್ದರು. ಅವರ ಕೊಡ ತುಂಬಲು ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಬರಬೇಕು. ನದಿ ತಗ್ಗಿನಲ್ಲಿದೆ, ಊರು ದಿಬ್ಬದ ಮೇಲಿದೆ. ಆದಿಲ್ ಶಾಹಿಗಳ ನೀರು ಇಳಿದು ಬರುತ್ತಿತ್ತು, ನಮ್ಮದು ಹತ್ತಿ ಬರುತ್ತದೆ. ಹತ್ತಿಸಲು ಪಂಪು ತಿರುಗುತ್ತಿರಬೇಕು, ಅದರ ಕರೆಂಟ್ ಬಿಲ್ಲು ಮಳೆ ಬಂದ ವರ್ಷವೂ ಬರುತ್ತದೆ, ಬರಗಾಲದ ವರ್ಷವೂ ಬರುತ್ತದೆ.

ಇದನ್ನೆಲ್ಲ ಚಾಚಾನಿಗೆ ನಾನು ಹೇಳಲಿಲ್ಲ. ಗೋಪುರದಲ್ಲಿ ನೀರಿತ್ತು ಎಂದಷ್ಟೇ ಹೇಳಿದೆ. ಅವರು ಸೌಟು ಹಿಡಿದೇ ತಲೆಯೆತ್ತಿ ಅದನ್ನೊಮ್ಮೆ ನೋಡಿ, "ಇಷ್ಟು ಎತ್ತರಕ್ಕೆ? ಮೋಟರ್ ಇಲ್ಲದೆ?" ಎಂದರು.