ಚಾವಟಿಯೊ, ತಿರುಗಣೆಯೊ?

ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆಯ ವ್ಯಾಪಾರಿ ಲೇವೆನ್‌ಹುಕ್ 1676ರಲ್ಲಿ ಕರಿಮೆಣಸಿನ ಖಾರಕ್ಕೆ ಕಾರಣವೇನೆಂದು ಅರಿಯಲು ಕಾಳುಗಳನ್ನು ನೀರಿನಲ್ಲಿ ನೆನೆಯಿಟ್ಟು, ತಾನೇ ತಯಾರಿಸಿದ ಮಸೂರದಲ್ಲಿ ನೋಡಿದನು. ಖಾರದ ಗುಟ್ಟು ದೊರೆಯಲಿಲ್ಲ. ಈಜಾಡುವ ಅಸಂಖ್ಯ ಜೀವಿಗಳು ದೊರೆತವು. ಕೈಕಾಲುಗಳಿಲ್ಲದ ಬ್ಯಾಕ್ಟೀರಿಯಾ ಈಜುವುದೆಂತು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರಲು ಸುಮಾರು 300 ವರ್ಷಗಳೇ ಬೇಕಾದವು. ಆ ವಿಳಂಬದಲ್ಲಿ ಒಂದು ಪದದ ಪಾಲೂ ಇದೆಯೆಂದು, ಪದಗಳ ನಡುವೆಯೇ ಬಾಳು ಸವೆಸಿದ ನನಗೆ ತೋರುತ್ತದೆ.

ಈ ಜೀವಿಗಳ ಮೈಯಿಂದ ಹೊರಟ ನವುರಾದ ಎಳೆಗಳಿಗೆ ವಿದ್ವಾಂಸರು ಕೊಟ್ಟ ಲ್ಯಾಟಿನ್ ಹೆಸರು ಫ್ಲಾಜೆಲಮ್, ಎಂದರೆ ಚಾವಟಿ. ನಮ್ಮ 'ಕಶಾಂಗ'ವೂ ಅದರ ನೆರಳೇ. ಚಾವಟಿ ಎಂದಮೇಲೆ ಬೀಸಲೇಬೇಕಷ್ಟೆ! ಎಳೆಯ ದಪ್ಪವೋ ಮಿಲಿಮೀಟರಿನ 50,000ದಲ್ಲಿ ಒಂದು ಪಾಲು. ಸುರುಳಿಯಾಕಾರದ ಎಳೆ ತಿರುಗಿದರೂ ಅಲೆಯಾಗಿ ಬಳುಕಿದರೂ ಕಣ್ಣಿಗೆ ಒಂದೇ ಬಗೆ. ಜೀವಿಯ ದೇಹದಲ್ಲಿ ಅಚ್ಚು, ಗಾಲಿಗಳು ಇರಲಾರವೆಂಬ ನಂಬಿಕೆಯೂ ಇದರೊಡನೆ ಕೂಡಿಕೊಂಡಿತು.

1973ರಲ್ಲಿ ಹೋವರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ ಎಳೆ ಬುಡದಿಂದಲೇ ತಿರುಗುತ್ತದೆಂದು ವಾದಿಸಿದರು. ಮರುವರ್ಷ ಕ್ಯಾಲಿಫೋರ್ನಿಯದ ಸಿಲ್ವರ್‌ಮನ್ ಮತ್ತು ಸೈಮನ್ ಮಾಡಿದ ಪರೀಕ್ಷೆಯ ಸರಳತೆ ನನಗೆ ಇಂದಿಗೂ ಬೆರಗು: ಅವರು ಎಳೆಯನ್ನು ಗಾಜಿಗೆ ಅಂಟಿಸಿಬಿಟ್ಟರು. ಅದು ಚಾವಟಿಯಾಗಿದ್ದರೆ ಮೈ ಅತ್ತಿತ್ತ ತೊನೆಯಬೇಕು; ತಿರುಗಣೆಯಾಗಿದ್ದರೆ ಮೈಯೇ ಸುತ್ತಬೇಕು. ಮೈ ಗಿರಗಿರನೆ ಸುತ್ತಿತು. ಒಮ್ಮೆ ಒಂದು ದಿಕ್ಕಿಗೆ, ಇನ್ನೊಮ್ಮೆ ಅದರ ಎದುರು ದಿಕ್ಕಿಗೆ.

ನಮ್ಮ ಕರುಳಿನಲ್ಲಿಯೇ ವಾಸಿಸುವ ಇ. ಕೋಲೈಯನ್ನು ನೋಡಿ. ಹೊರಗಿನಿಂದ ಮೈಯ ಕಡೆಗೆ ನೋಡಿದಾಗ ಎಳೆಗಳು ಅಪ್ರದಕ್ಷಿಣವಾಗಿ ಸುತ್ತಿದರೆ ಜಡೆಯಂತೆ ಕೂಡಿಕೊಂಡು, ಸುಮಾರು ಒಂದು ಸೆಕೆಂಡು ಮೈಯನ್ನು ನೇರವಾಗಿ ನೂಕುತ್ತವೆ. ಕೆಲವು ಪ್ರದಕ್ಷಿಣಕ್ಕೆ ಹೊರಳಿದೊಡನೆ ಜಡೆ ಬಿಚ್ಚುತ್ತದೆ. ಜೀವಿ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಹೊತ್ತು ಉರುಳಾಡಿ, ಸಿಕ್ಕಿದ ದಿಕ್ಕಿಗೆ ಮತ್ತೆ ಹೊರಡುತ್ತದೆ. (ದೇವಾಲಯದಲ್ಲಿ ಪುಣ್ಯ ತರುವ ಪ್ರದಕ್ಷಿಣೆ ಇಲ್ಲಿ ದಾರಿ ತಪ್ಪಿಸುತ್ತದೆ!)

ಹೀಗೆ ಚುಕ್ಕಾಣಿಯಿಲ್ಲದ್ದು ಆಹಾರವನ್ನು ಸೇರುವುದೆಂತು? 1972ರಲ್ಲಿ ಮ್ಯಾಕ್‌ನ್ಯಾಬ್ ಮತ್ತು ಕಾಶ್ಲಂಡ್ ತೋರಿಸಿದರು: ಅದು ತನ್ನ ತಲೆ ಬಾಲಗಳ ಬಳಿಯ ರುಚಿಯನ್ನು ಹೋಲಿಸುವುದಿಲ್ಲ, ಈಗಿನ ರುಚಿಯನ್ನು ತುಸು ಹಿಂದಿನದರೊಡನೆ ಹೋಲಿಸುತ್ತದೆ. ರುಚಿ ಹೆಚ್ಚುತ್ತಿದ್ದರೆ ಉರುಳಾಟವನ್ನು ಮುಂದೂಡುತ್ತದೆ. ಇದನ್ನು ನೆನಪೆನ್ನಲು ಸಾಹಿತ್ಯದವನಾದ ನಾನು ಹಿಂಜರಿಯುತ್ತೇನೆ. ಆದರೆ ಬೇರೆ ಪದ ಹೊಳೆಯದು.

ಅಷ್ಟು ಸಣ್ಣ ಮೈಗೆ ನೀರೆಂದರೆ ನಮಗೆ ಕಾಕಂಬಿ ಇದ್ದಂತೆ. 1977ರಲ್ಲಿ ಭೌತವಿಜ್ಞಾನಿ ಪರ್ಸೆಲ್ ಕೊಟ್ಟ ಲೆಕ್ಕದಂತೆ, ಎಳೆಗಳು ನಿಂತರೆ ಜೀವಿ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ತೇಲದು, ಅಲ್ಲಿಯೇ ನಿಲ್ಲುತ್ತದೆ.