ತಾಳ ತಪ್ಪಿದರೂ ರಾಗ ಬಿಡದ ವಯಟ್

ಡ್ರಮ್ ನುಡಿಸುವವನಿಗೆ ಕೈಗಳಷ್ಟೇ ಕಾಲುಗಳೂ ಮುಖ್ಯ. ದೊಡ್ಡ ಡ್ರಮ್ಮಿಗೆ ಒಂದು ಪೆಡಲ್, ಜೋಡಿ ತಾಳಕ್ಕೆ ಇನ್ನೊಂದು. ಇಂಗ್ಲೆಂಡಿನ ರಾಬರ್ಟ್ ವಯಟ್ ಕಳೆದುಕೊಂಡದ್ದು ಈ ಕಾಲುಗಳ ಬಲವನ್ನೇ. 1973ರ ಜೂನ್ 1ರಂದು ಲಂಡನ್ನಿನ ಪಾರ್ಟಿಯೊಂದರಲ್ಲಿ ಕುಡಿದಿದ್ದ ಆತ ಮೇಲಂತಸ್ತಿನ ಕಿಟಕಿಯಿಂದ ಬಿದ್ದ. ಜೀವ ಉಳಿಯಿತು, ಆದರೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಗ ಆತನಿಗೆ 28 ವರ್ಷ.

ಅಷ್ಟರಲ್ಲಾಗಲೇ ವಯಟ್ ಹೆಸರು ಮಾಡಿದ್ದ. 1966ರಲ್ಲಿ ಕ್ಯಾಂಟರ್ಬರಿಯ ಗೆಳೆಯರೊಡನೆ ಕಟ್ಟಿದ 'ಸಾಫ್ಟ್ ಮೆಷಿನ್' ತಂಡ, ರಾಕ್ ಸಂಗೀತದ ಅಬ್ಬರಕ್ಕೆ ಜಾಝ್‌ನ ಮನೋಧರ್ಮ ಬೆರೆಸಿತು. 'ಆರ್ಟ್ ರಾಕ್' ಎನ್ನುವುದು ಇಂಥ ಪ್ರಯೋಗಗಳನ್ನೇ. 1968ರಲ್ಲಿ ತಂಡವು ಜಿಮಿ ಹೆಂಡ್ರಿಕ್ಸ್ ಜೊತೆ ಅಮೆರಿಕ ಸುತ್ತಿತು. ಬರಬರುತ್ತಾ ಅಲ್ಲಿ ವಾದ್ಯಗಳದ್ದೇ ಮೇಲುಗೈಯಾಗಿ, ಹಾಡಿಗೆ ಜಾಗವಿಲ್ಲದಾಯಿತು. 1971ರಲ್ಲಿ ವಯಟ್ ಹೊರಬಂದ. ಮುಂದೆ ಕಟ್ಟಿದ ತಂಡಕ್ಕೆ 'ಮ್ಯಾಚಿಂಗ್ ಮೋಲ್' ಎಂದು ಹೆಸರಿಟ್ಟ. ಹಳೆಯ ತಂಡದ ಹೆಸರನ್ನು ಫ್ರೆಂಚ್‌ನಲ್ಲಿ ಹೇಳಿದರೆ ಹಾಗೆಯೇ ಕೇಳಿಸುತ್ತದೆ!

ಅಪಘಾತದ ನಂತರ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ಪಿಯಾನೊ ಆತನ ಕೈಗೆ ಸಿಕ್ಕಿತು. 'ಪಿಂಕ್ ಫ್ಲಾಯ್ಡ್' ತಂಡದವರು ಸಹಾಯಾರ್ಥ ಕಛೇರಿ ನಡೆಸಿದರು; ಅದೇ ತಂಡದ ನಿಕ್ ಮೇಸನ್ ನಿರ್ಮಾಣದಲ್ಲಿ 1974ರ ಜುಲೈ 26ರಂದು 'ರಾಕ್ ಬಾಟಮ್' ಬಿಡುಗಡೆಯಾಯಿತು. ಸಂಗಾತಿ ಆಲ್ಫ್ರೆಡಾ ಬೆಂಜ್ ಜೊತೆ ವಯಟ್‌ನ ಮದುವೆಯಾದದ್ದೂ ಅಂದೇ. ಅವಘಡದ ನೋವೇ ಈ ಹಾಡುಗಳಾಯಿತೆಂಬ ಮಾತು ಪೂರ್ತಿ ನಿಜವಲ್ಲ. ಹಲವು ಹಾಡುಗಳು ಅದಕ್ಕೂ ಮೊದಲೇ ವೆನಿಸ್‌ನಲ್ಲಿ ಮೊಳೆತಿದ್ದವು. ಬದಲಾದದ್ದು ಕೆಲಸದ ರೀತಿ. ತಂಡದ ಹಿಂದೆ ಕೂತು ಲಯ ಕಾಯುವ ಹೊಣೆ ತಪ್ಪಿತು. ಕೀಬೋರ್ಡ್ ಮತ್ತು ಆತನ ತೆಳುವಾದ, ತುಸು ನಡುಗುವ ಕಂಠವೇ ಸಂಗೀತದ ನಡುವೆ ಬಂದು ನಿಂತವು.

ದಾರಿ ಸುಗಮವಾಗಿರಲಿಲ್ಲ. ಅದೇ ವರ್ಷ ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮಕ್ಕೆ ಹೋದಾಗ, ಮನೆಮಂದಿಯೆಲ್ಲ ನೋಡುವ ಕಾರ್ಯಕ್ರಮದಲ್ಲಿ ಗಾಲಿಕುರ್ಚಿ ಚೆನ್ನಾಗಿ ಕಾಣದೆಂದು ನಿರ್ಮಾಪಕರು ತಕರಾರು ತೆಗೆದರು. ವಯಟ್ ಜಗ್ಗಲಿಲ್ಲ; ಗಾಲಿಕುರ್ಚಿಯಲ್ಲೇ ಕುಳಿತು ಹಾಡಿದ.

ಕಮ್ಯುನಿಸ್ಟ್ ವಿಚಾರಗಳತ್ತ ವಾಲಿದ ಆತನ ಕಂಠಕ್ಕೆ ತಕ್ಕ ಹಾಡು ಸಿಕ್ಕಿದ್ದು 1982ರ ಫಾಕ್‌ಲ್ಯಾಂಡ್ ಯುದ್ಧದ ಸಂದರ್ಭದಲ್ಲಿ. ಎಲ್ವಿಸ್ ಕಾಸ್ಟೆಲೊ ಬರೆದು ಕ್ಲೈವ್ ಲ್ಯಾಂಗರ್ ರಾಗ ಹಾಕಿದ ಆ ಹಾಡು 'ಶಿಪ್‌ಬಿಲ್ಡಿಂಗ್'. ಯುದ್ಧ ಬಂದರೆ ಹಡಗುಕಟ್ಟೆಯ ಊರಿಗೆ ಕೆಲಸ ಬರುತ್ತದೆ. ಅದೇ ಹಡಗಿನಲ್ಲಿ ಊರಿನ ಮಕ್ಕಳೇ ಯುದ್ಧಕ್ಕೆ ಹೋಗುತ್ತಾರೆ. ಈ ಸಂಕಟವನ್ನು ವಯಟ್ ಘೋಷಣೆಯಂತೆ ಕೂಗಲಿಲ್ಲ, ಮೆಲ್ಲಗೆ ಹೇಳಿದ. 1983ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 35ನೇ ಸ್ಥಾನಕ್ಕೇರಿತು.

ದೊಡ್ಡ ಮಾರುಕಟ್ಟೆ ವಯಟ್‌ಗೆ ಎಂದೂ ಒಲಿಯಲಿಲ್ಲ. ನಿಷ್ಠಾವಂತ ಕೇಳುಗರು ಮಾತ್ರ ಕೈಬಿಡಲಿಲ್ಲ. ಆತ ಸಂಗೀತ ನಿಲ್ಲಿಸಿದ್ದಾಗಿ ಹೇಳಿದ್ದು 2014ರಲ್ಲಿ. ಡ್ರಮ್ ಬಿಟ್ಟ ಮೇಲೂ ನಾಲ್ಕು ದಶಕ ಹಾಡಿದ್ದ.