ಬಿತ್ತನೆ ಕೊಟ್ಟವರು, ಪಡೆದವರು

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತರಿಗೆ ಬಿತ್ತನೆ ಬೀಜದ ಋಣ ಗೊತ್ತು. ಗಣಕಯಂತ್ರದ ಚಿಪ್‌ಗಳ ಚರಿತ್ರೆಯಲ್ಲಿಯೂ ಅಂಥದೇ ಋಣವೊಂದಿದೆ. ಒಬ್ಬನೇ ಪೂರೈಕೆದಾರನನ್ನು ನೆಚ್ಚಲೊಲ್ಲದ ಐಬಿಎಂ ಸಂಸ್ಥೆಯ ಒತ್ತಾಯದಿಂದ, 1982ರಲ್ಲಿ ಇಂಟೆಲ್ ತನ್ನ ಪ್ರೊಸೆಸರ್ ತಯಾರಿಸುವ ಪರವಾನಗಿಯನ್ನು ಎಎಂಡಿಗೆ ನೀಡಿತು. 1985ರ 386 ಚಿಪ್‌ನ ವಿದ್ಯೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ವ್ಯಾಜ್ಯ ಹೂಡಿದ ಎಎಂಡಿ 1991ರಲ್ಲಿ ತನ್ನದೇ 386 ಚಿಪ್ ತಂದಿತು, 1995ರಲ್ಲಿ ರಾಜಿಯಾಯಿತು. ಕಾಲಚಕ್ರ ನೋಡಿ: 2003ರಲ್ಲಿ ಎಎಂಡಿ ಹೊರತಂದ 64 ಬಿಟ್ ವಿಧಾನವನ್ನು ಮರುವರ್ಷ ಇಂಟೆಲ್ ಸಂಸ್ಥೆಯೇ ಅನುಸರಿಸಿತು!

ಈ ಪ್ರತಿಸ್ಪರ್ಧಿಗಳಿಬ್ಬರೂ ಇಂದು ಬೆಂಗಳೂರಿನಲ್ಲಿದ್ದಾರೆ. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರ್‌ಗಳ ಜಿಯಾನ್ 7400 ಅಲ್ಲಿಯೇ ವಿನ್ಯಾಸಗೊಂಡದ್ದು. ಆದರೆ ದುಡಿಮೆ ನಮ್ಮವರದಾದರೂ ಒಡೆತನ ಪರದೇಶದ್ದು. ಪ್ರಿಯ ಶಿಷ್ಯರೇ, ಪರವಾನಗಿ ಬೇಡುವವರಾಗಿಯೇ ಉಳಿಯದೆ, ಕೊಡುವವರೂ ಆಗಿರಿ.